ಗುಡಿ ಬರೆದೆವು, ಓಣಿ ಬಿಟ್ಟೆವು

ಹಳೆಯ ಕಟ್ಟಡಗಳ ಚಿತ್ರ ಬರೆಯುವುದು ಬ್ರಿಟಿಷರು ಬಿಟ್ಟುಹೋದ ಗೀಳು, ಕ್ಯಾಮೆರಾ ಬಂದಮೇಲೆ ಅದರ ಅಗತ್ಯವಿಲ್ಲ ಎಂಬ ಮಾತು ಈಚೆಗೆ ಪದೇಪದೇ ಕಿವಿಗೆ ಬೀಳುತ್ತಿದೆ. ನಲವತ್ತು ವರ್ಷ ಬೋರ್ಡು ಹೊತ್ತು ಗುಡಿಗುಂಡಾರ ಸುತ್ತಿದ ನಾನು ಇದನ್ನು ಒಪ್ಪಲಾರೆ.

ಮೊದಲು ಬಂದವರು ಅವರೇ, ನಿಜ. ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್‌ನ ಮೈಸೂರು ಸೀಮೆಯ ಚಿತ್ರಗಳು 1794ರಲ್ಲಿ ಅಚ್ಚಾದವು. 1799ರಲ್ಲಿ ಕಾಲಿನ್ ಮೆಕೆಂಜಿ ಹಂಪಿಯ ಜಲವರ್ಣ ನಕ್ಷೆ ಸಿದ್ಧಪಡಿಸಿದ. ಅವನ ಸಂಗ್ರಹದ ಹಲವು ಹಾಳೆಗಳನ್ನು ಬರೆದವರು ಈ ನೆಲದ ನಕ್ಷೆಗಾರರು. ಬಹುಪಾಲು ಜನರ ಹೆಸರೇ ಉಳಿದಿಲ್ಲ. 1856ರಲ್ಲಿ ಸೇನಾಧಿಕಾರಿ ಗ್ರೀನ್‌ಲಾ ಹಂಪಿಗೆ ಕ್ಯಾಮೆರಾ ಒಯ್ದ. ಕಲ್ಲಿನ ರಥದ ಮೇಲೆ ಆಗ ಇದ್ದ ಇಟ್ಟಿಗೆ ಶಿಖರ ಅವನ ಫೋಟೋದಲ್ಲಿ ಕಾಣುತ್ತದೆ, ಈಗ ರಥದ ಮೇಲೆ ಅದಿಲ್ಲ. ದಾಖಲೆಯ ಮಟ್ಟಿಗೆ ಫೋಟೋಕ್ಕೆ ಸಾಟಿಯಿಲ್ಲ.

ಆದರೆ ನಮ್ಮ ಕಡೆ ಬರೆಯಲು ಕೂರಿಸುತ್ತಿದ್ದುದು ದಾಖಲೆಗಲ್ಲ, ಕಣ್ಣು ಪಳಗಲಿ ಎಂದು. ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ಕಲಾಶಾಲೆಗಳ ಋಣ ಈ ಭಾಗದ ಪ್ರತಿ ಚಿತ್ರಕಾರನ ಮೇಲಿದೆ. ಬೆಳಗಿನ ಬಸ್ಸಿಗೆ ಲಕ್ಕುಂಡಿಗೆ ಹೋಗಿ ಕಾಶಿವಿಶ್ವನಾಥನ ಬಾಗಿಲವಾಡದ ಮುಂದೆ ಕೂರುತ್ತಿದ್ದೆವು. ಯಾರಾದರೂ ಬಳ್ಳಿ, ಹೂವಿಗೆ ಕೈಹಾಕಿದರೆ ಗುರುಗಳು ಹಾಳೆ ಮಗುಚಿಡುತ್ತಿದ್ದರು. “ಮೊದ್ಲ ನೆಳ್ಳ ಹಿಡಿ, ಹೂವು ಆಮ್ಯಾಲೆ ಬರ್ತಾವ.” ಪಟ್ಟಿಯೊಳಗೆ ಪಟ್ಟಿಯಾಗಿ ಒಳಸರಿಯುವ ಆ ಆಳ ಕೈಗೆ ಸಿಕ್ಕರೆ ಅರ್ಧ ಕೆತ್ತನೆ ತಾನಾಗಿ ಕೂರುತ್ತಿತ್ತು. ಲಕ್ಕುಂಡಿಯ ಬಳಪದ ಕಲ್ಲಿನ ನುಣುಪಿಗೆ ಚೂಪು ಪೆನ್ಸಿಲ್ಲೇ ಬೇಕು. ಹಂಪಿಯ ಗ್ರಾನೈಟಿಗೆ ಅಗಲ ಕುಂಚದ ಒಂದು ವಾಶ್ ಎಳೆದು ಬಿಸಿಲು ಬೀಳುವಲ್ಲಿ ಹಾಳೆಯನ್ನು ಬೆಳ್ಳಗೆ ಬಿಟ್ಟರಾಯಿತು. ಇದನ್ನು ಕಲ್ಲೇ ಕಲಿಸಿತು.

1980ರಿಂದ ಸಂಶೋಧಕರಾದ ಮಿಚೆಲ್ ಮತ್ತು ಫ್ರಿಟ್ಜ್ ತಂಡ ಹಂಪಿಯನ್ನು ಅಳೆದು ತೆಗೆದ ನಕ್ಷೆಗಳು ದೊಡ್ಡ ಸಾಧನೆ, ಆದರೆ ಆ ದಾರಿ ವಾಸ್ತುತಜ್ಞರದು. ಈಗ ಬೆಂಗಳೂರಿನಲ್ಲಿ ರಜಾದಿನ ಗುಂಪು ಕಟ್ಟಿಕೊಂಡು ಹಳೆ ಬಂಗಲೆ, ಮಾರುಕಟ್ಟೆ ಬರೆಯುವ ಹುಡುಗ ಹುಡುಗಿಯರಿದ್ದಾರೆ. ಗೆರೆಯಲ್ಲಿ ಅವಸರವಿದೆ. ಆದರೂ ನಾವು ಬಿಟ್ಟದ್ದನ್ನು ಅವರು ಹಿಡಿದಿದ್ದಾರೆ.

ಅಗಸಿ, ವಾಡೆ, ಹುಡೇವು, ಮಣ್ಣಿನ ಮಾಳಿಗೆಮನೆ ಎಲ್ಲವನ್ನೂ ದಾಟಿಕೊಂಡೇ ನಾವು ಗುಡಿಗೆ ಹೋಗುತ್ತಿದ್ದೆವು. ಗುಡಿಗೆ ಪುರಾತತ್ವ ಇಲಾಖೆಯ ಬೇಲಿ ಇದೆ. ವಾಡೆಗೆ ಯಾರೂ ಇಲ್ಲ; ಅಣ್ಣತಮ್ಮಂದಿರು ಪಾಲಾದ ವರ್ಷವೇ ಅದರ ತೇಗದ ಕಂಬಗಳು ಲಾರಿ ಹತ್ತುತ್ತವೆ. ನನ್ನ ಸ್ಕೆಚ್ ಪುಸ್ತಕಗಳಲ್ಲಿ ಲಕ್ಕುಂಡಿಯ ಆ ಬಾಗಿಲವಾಡ 11 ಸಲ ಇದೆ. ಗುಡಿಯ ಪಕ್ಕದ ಓಣಿ ಒಂದು ಸಲವೂ ಇಲ್ಲ.

ಕಲಾಶಾಲೆಯಲ್ಲಿ ಕಲಿತವರ ಮನೆಯಲ್ಲಿ ಟ್ರಂಕಿನ ತಳಕ್ಕೆ ಔಟ್‌ಡೋರ್ ಹಾಳೆಗಳು ಇನ್ನೂ ಇರುತ್ತವೆ. ದಯವಿಟ್ಟು ರದ್ದಿಗೆ ಹಾಕಬೇಡಿ. ಅವುಗಳಲ್ಲಿ ಒಂದು ಮನೆ, ಒಂದು ಅಗಸಿ, ಒಂದು ಬಾವಿಕಟ್ಟೆ ಕಂಡರೂ ಹಿಂಬದಿಯಲ್ಲಿ ಊರು, ಓಣಿ, ವರ್ಷ ಬರೆದಿಡಿ.