ರಾಣಿಬಾಗಿನ ಎದುರಿನ ಇಂಗ್ಲಿಷ್ ಪಾಠ

ಊರಿನಿಂದ ನೆಂಟರು ಬಂದರೆ ಅವರನ್ನು ಬೈಕುಲ್ಲಾದ ರಾಣಿಬಾಗಿಗೆ ಕರೆದೊಯ್ಯುವುದು ನಮ್ಮಲ್ಲಿ ವಾಡಿಕೆ. ಹುಲಿ, ಪೆಂಗ್ವಿನ್ ನೋಡಿ, ಕಡಲೆ ತಿಂದು ಹಿಂದಿರುಗುತ್ತೇವೆ. ಆ ತೋಟದ ಎದುರಿಗೇ ಒಂದು ಕಾಲಕ್ಕೆ ಎಲ್ಫಿನ್‌ಸ್ಟನ್ ಕಾಲೇಜು ಇತ್ತೆಂಬುದು ನಮ್ಮವರಲ್ಲಿ ಬಹುಮಂದಿಗೆ ತಿಳಿಯದು. 1871ರಲ್ಲಿ ಅಲ್ಲಿಗೆ ಬಂದ ಕಾಲೇಜು 1880ರ ದಶಕದ ಕೊನೆಯ ತನಕ ಅಲ್ಲೇ ನಡೆಯಿತು. ಇಂಗ್ಲಿಷ್ ಮಹಾಕವಿ ವರ್ಡ್ಸ್‌ವರ್ತನ ಮೊಮ್ಮಗ, ಅಜ್ಜನ ಹೆಸರನ್ನೇ ಹೊತ್ತ ವಿಲಿಯಂ ವರ್ಡ್ಸ್‌ವರ್ತ್, ಈ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು.

1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿನ ಹುಡುಗರ ದೃಷ್ಟಿ ಮುಂಬಯಿಯತ್ತ ತಿರುಗಿತು. ಹಾಗೆ ಬಂದವರಲ್ಲಿ 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರರೂ ಒಬ್ಬರು. ಎಲ್ಫಿನ್‌ಸ್ಟನ್ನಿನಲ್ಲಿ ಓದಿ, ಕೆಲಕಾಲ ಅಲ್ಲೇ ದಕ್ಷಿಣಾ ಫೆಲೋ ಆಗಿದ್ದು, 1881ರಲ್ಲಿ ಕಾನೂನು ಪದವಿ ಪಡೆದರು. ‘ಇಂದುಪ್ರಕಾಶ’ದ ಇಂಗ್ಲಿಷ್ ವಿಭಾಗಕ್ಕೆ ಸಂಪಾದಕರಾದರು. 1885ರಲ್ಲಿ ಇಂಗ್ಲೆಂಡಿಗೇ ಹೋಗಿ, ಭಾರತದ ಅಹವಾಲನ್ನು ಅಲ್ಲಿನ ಮತದಾರರ ಮುಂದೆ ಅವರದೇ ಮಾತಿನಲ್ಲಿ ಇಟ್ಟರು. 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು, ಮರುವರ್ಷ ಹೈಕೋರ್ಟಿನ ನ್ಯಾಯಾಧೀಶರು.

ಇದು ಹಗಲಿನ ಇಂಗ್ಲಿಷ್. ನಮ್ಮವರಲ್ಲಿ ಹೆಚ್ಚಿನವರದು ರಾತ್ರಿಯ ಇಂಗ್ಲಿಷ್.

ತುಳುನಾಡಿನಿಂದ ಬರಿಗೈಯಲ್ಲಿ ಬಂದ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೈ ಒರೆಸಿಕೊಂಡು ಮೊಗವೀರ ಮಂಡಳಿಯ, ಬಿಲ್ಲವರ ಸಂಘದ ರಾತ್ರಿಶಾಲೆಗಳಿಗೆ ಓಡಿದರು. ಮೆಟ್ರಿಕ್‌ನಲ್ಲಿ ಅವರನ್ನು ಹೆದರಿಸುತ್ತಿದ್ದುದು ಇಂಗ್ಲಿಷ್ ಒಂದೇ. ಅದಕ್ಕೆ ಮದ್ದೆಂದರೆ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ. ರೆನ್ ಸಾಹೇಬರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು. ಮುಂದೆ ಕಾದಂಬರಿ ಬರೆದು ಹೆಸರಾದರು. ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು ಕಣ್ಣಮುಂದಿಟ್ಟು ಬರೆದ ಪುಸ್ತಕ ಹೋಟೆಲ್ ಮಾಣಿಗಳ ತಲೆದಿಂಬಿನ ಕೆಳಗೆ ಬಂದು ಕೂತದ್ದು ಚರಿತ್ರೆಯ ತಮಾಷೆಯೇ ಸರಿ.

ಆದರೆ ವ್ಯಾಕರಣ ಬಾಯಿಪಾಠವಾದರೂ ನುಡಿಗಟ್ಟು ಒಗ್ಗುವುದು ಕಷ್ಟ. ನಮಗೆ ಹಸಿವು ‘ಆಗುತ್ತದೆ’. ಇಂಗ್ಲಿಷಿನವನು ತಾನೇ ಹಸಿದವನಾಗಿ ‘ಇರುತ್ತಾನೆ’. ‘ಎ’ ಎಲ್ಲಿ, ‘ದಿ’ ಎಲ್ಲಿ ಎಂಬುದಂತೂ ಕನ್ನಡದವನಿಗೆ ಕೊನೆಯವರೆಗೂ ಕಗ್ಗಂಟು. ‘ತಲೆ ತಿನ್ನಬೇಡ’ ಎಂಬುದು ‘ಡೋಂಟ್ ಈಟ್ ಮೈ ಹೆಡ್’ ಆಗುತ್ತದೆ. ಇಂಥವಕ್ಕೆ ನಾವೂ ನಕ್ಕಿದ್ದೇವೆ. ನಗುವಾಗ, ಆ ಹುಡುಗ ಬೆಳಗಿನ ಐದಕ್ಕೆ ಒಲೆ ಹಚ್ಚಲು ಎದ್ದವನೆಂಬುದನ್ನು ಮರೆತಿದ್ದೇವೆ. ಇದೇ ಬೈಕುಲ್ಲಾದಲ್ಲಿ, 1815ರಲ್ಲಿ ಸ್ಥಾಪನೆಯಾದ ಬಾಂಬೆ ಎಜುಕೇಶನ್ ಸೊಸೈಟಿಯ ಶಾಲೆಗಳಲ್ಲಿ, ಇಂಗ್ಲಿಷನ್ನು ತಾಯಿಯಿಂದಲೇ ಕಲಿತ ಮಕ್ಕಳಿದ್ದರು. ಅವರಿಗೆ ಆಟದಲ್ಲಿ ಬಂದದ್ದು ನಮ್ಮವರಿಗೆ ನಿದ್ದೆಗೆಟ್ಟರೂ ಅರ್ಧವೇ ದಕ್ಕಿತು.

ರಾತ್ರಿಶಾಲೆಯಲ್ಲಿ ಓದಿ, ಜವಾನಗಿರಿಯಿಂದ ಗುಮಾಸ್ತಗಿರಿಗೆ ಏರಿದ ಹಿರಿಯರೊಬ್ಬರನ್ನು ನಾವು ಬಲ್ಲೆವು. ಅವರ ಇಂಗ್ಲಿಷ್ ಪತ್ರಗಳಲ್ಲಿ ಒಂದು ತಪ್ಪು ಸಿಗುತ್ತಿರಲಿಲ್ಲ. ನಿವೃತ್ತರಾದ ದಿನ ಎಲ್ಲರಿಗೂ ಕೈಮುಗಿದು, “ಐ ವಿಲ್ ಗೋ ಅಂಡ್ ಕಮ್” ಎಂದರಂತೆ. ಕಿರಿಯನೊಬ್ಬ ತಿದ್ದಲು ಹೋದಾಗ, “ಗೊತ್ತು ಮಾರಾಯ. ಆದರೆ ಬರೀ ‘ಹೋಗುತ್ತೇನೆ’ ಅಂತ ನಮ್ಮಲ್ಲಿ ಯಾರು ಹೇಳುತ್ತಾರೆ?” ಎಂದು ಚೀಲ ಹೆಗಲಿಗೇರಿಸಿ ಲಿಫ್ಟಿನತ್ತ ನಡೆದರಂತೆ.