ಹಳೆಯ ಕಾರುಗಳಲ್ಲಿ ಅರ್ತ್ ದೋಷ ಮತ್ತು ವೋಲ್ಟೇಜ್ ಕುಸಿತ

ಅರ್ತ್ ದೋಷ ಎಂದರೆ ಮೋಟಾರು ವಾಹನದಲ್ಲಿ ವಿದ್ಯುತ್ ಪ್ರವಾಹವು ಬ್ಯಾಟರಿಗೆ ಮರಳುವ ಹಾದಿಯಲ್ಲಿ ರೋಧವು ಹೆಚ್ಚಿ, ಉಪಕರಣಗಳಿಗೆ ಸಾಕಷ್ಟು ವೋಲ್ಟೇಜ್ ದೊರೆಯದಿರುವ ಸ್ಥಿತಿ. ದಶಕಗಳಷ್ಟು ಹಳೆಯ ಕಾರುಗಳಲ್ಲಿ ಇದು ಸಾಮಾನ್ಯ. ಇದರ ಲಕ್ಷಣಗಳು ದುರ್ಬಲ ಬ್ಯಾಟರಿ ಅಥವಾ ಕೆಟ್ಟ ಸ್ಟಾರ್ಟರ್ ಮೋಟಾರಿನ ಲಕ್ಷಣಗಳನ್ನೇ ಹೋಲುವುದರಿಂದ, ಸರಿಯಾದ ಪರೀಕ್ಷೆ ನಡೆಸದಿದ್ದರೆ ಸುಸ್ಥಿತಿಯಲ್ಲಿರುವ ಭಾಗಗಳನ್ನು ವೃಥಾ ಬದಲಾಯಿಸುವಂತಾಗುತ್ತದೆ.

ಹಿನ್ನೆಲೆ

ಮನೆಯ ವಿದ್ಯುತ್ ವ್ಯವಸ್ಥೆಯಲ್ಲಿ ಅರ್ತ್ ಎಂದರೆ ನೆಲದೊಂದಿಗಿನ ಸಂಪರ್ಕ. ಕಾರಿನಲ್ಲಿ ಹಾಗಲ್ಲ, ಅದರ ಲೋಹದ ಕವಚವನ್ನೇ ಅರ್ತ್ ಎನ್ನಲಾಗುತ್ತದೆ. ಬ್ಯಾಟರಿಯ ಒಂದು ಅಗ್ರವನ್ನು ದಪ್ಪ ಕೇಬಲ್‌ನಿಂದ ಕವಚಕ್ಕೆ ಜೋಡಿಸಲಾಗಿರುತ್ತದೆ. ಹೀಗಾಗಿ ಪ್ರತಿ ದೀಪಕ್ಕೂ ಮೋಟಾರಿಗೂ ಒಂದೇ ತಂತಿ ಸಾಕಾಗುತ್ತದೆ. ಪ್ರವಾಹದ ಮರುಪಯಣ ಕವಚದ ಮೂಲಕವೇ ನಡೆಯುತ್ತದೆ. ಎಂಜಿನ್ ರಬ್ಬರ್ ಆಧಾರಗಳ ಮೇಲೆ ಕುಳಿತಿರುವುದರಿಂದ ಅದನ್ನು ಕವಚಕ್ಕೆ ಜೋಡಿಸಲು ಪ್ರತ್ಯೇಕವಾದ ತಾಮ್ರದ ಪಟ್ಟಿ ಅಗತ್ಯ.

ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣ ಅಗ್ರ ಕವಚಕ್ಕೆ ಸೇರಿರುತ್ತದೆ. ಆದರೆ 1960ರ ದಶಕದವರೆಗೆ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನ ಅಗ್ರವನ್ನು ಕವಚಕ್ಕೆ ಜೋಡಿಸಲಾಗುತ್ತಿತ್ತು. ಉದಾಹರಣೆಗೆ, 1962ರಲ್ಲಿ ಬಂದ ಎಂಜಿಬಿ ಕಾರು ಮೊದಲು ಧನ ಅರ್ತ್ ಮತ್ತು ಡೈನಮೊ ಹೊಂದಿತ್ತು. 1967ರ ಕೊನೆಯಲ್ಲಿ ಋಣ ಅರ್ತ್ ಹಾಗೂ ಆಲ್ಟರ್ನೇಟರಿಗೆ ಬದಲಾಯಿತು. ಆದ್ದರಿಂದ ಹಳೆಯ ಕಾರನ್ನು ಮುಟ್ಟುವ ಮೊದಲು ಯಾವ ಅಗ್ರ ಕವಚಕ್ಕೆ ಸೇರಿದೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಕಾರಣಗಳು

* ತಾಮ್ರದ ತಂತಿ ಮತ್ತು ಬ್ಯಾಟರಿ ಅಗ್ರಗಳ ಮೇಲೆ ಕಿಲುಬು ಬೆಳೆಯುವುದು
* ಅರ್ತ್ ಬೋಲ್ಟಿನ ಕೆಳಗೆ ಕವಚ ತುಕ್ಕು ಹಿಡಿಯುವುದು
* ಹೊಸದಾಗಿ ಬಣ್ಣ ಬಳಿದಾಗ ಸಂಪರ್ಕಸ್ಥಾನದ ಲೋಹ ಬಣ್ಣದಡಿ ಮುಚ್ಚಿಹೋಗುವುದು
* ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಿ ಏರಿಸಿದ ಬಳಿಕ ತಾಮ್ರದ ಪಟ್ಟಿಯನ್ನು ಮರಳಿ ಜೋಡಿಸದಿರುವುದು
* ಕಂಪನದಿಂದ ಕೇಬಲಿನ ಒಳ ಎಳೆಗಳು ತುಂಡಾಗುವುದು

ಲಕ್ಷಣಗಳು

ಸ್ಟಾರ್ಟರ್ ಮೋಟಾರ್ ನಿಧಾನವಾಗಿ ತಿರುಗುತ್ತದೆ ಅಥವಾ ಬರಿಯ ‘ಟಕ್’ ಶಬ್ದ ಮಾಡಿ ನಿಲ್ಲುತ್ತದೆ. ಒಂದು ಬದಿಯ ದೀಪ ಮಾತ್ರ ಮಂಕಾಗಿರುತ್ತದೆ. ತಿರುವು ಸೂಚಕ ಹಾಕಿದಾಗ ಹಿಂಬದಿಯ ಬೇರೆ ದೀಪವೂ ಮಿನುಗಬಹುದು. ತನ್ನ ಹಾದಿ ಮುಚ್ಚಿದ ಪ್ರವಾಹವು ಪಕ್ಕದ ಬಲ್ಬಿನ ಮೂಲಕ ಮರಳಲೆತ್ನಿಸುವುದೇ ಇದಕ್ಕೆ ಕಾರಣ. ಎಂಜಿನ್ನಿನ ಪಟ್ಟಿ ಇಲ್ಲದಿದ್ದರೆ ಸ್ಟಾರ್ಟರಿನ ಪ್ರವಾಹವು ಚೋಕ್ ಅಥವಾ ಆಕ್ಸಿಲರೇಟರ್ ಕೇಬಲಿನಲ್ಲಿ ಹರಿದು ಅದನ್ನು ಕಾಯಿಸುತ್ತದೆ. ಸ್ಟಾರ್ಟ್ ಮಾಡುವಾಗ ಇಂತಹ ಕೇಬಲ್ ಬಿಸಿಯಾದರೆ ಅಥವಾ ಹೊಗೆಯಾಡಿದರೆ ಬೆಂಕಿಯ ಅಪಾಯವಿರುವುದರಿಂದ ಕೂಡಲೇ ನಿಲ್ಲಿಸಬೇಕು.

ಡೈನಮೊ ಇರುವ ಕಾರಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ದೀಪಗಳು ಮಂಕಾಗುವುದು ಸಹಜ. ವೇಗ ಹೆಚ್ಚಿಸಿದರೂ ಬೆಳಕು ಏರದಿದ್ದರೆ ಮಾತ್ರ ದೋಷವನ್ನು ಶಂಕಿಸಬೇಕು.

ತತ್ವ

ಓಮ್‌ನ ನಿಯಮದಂತೆ ಒಂದು ಸಂಪರ್ಕದಲ್ಲಿ ನಷ್ಟವಾಗುವ ವೋಲ್ಟೇಜ್, ಅಲ್ಲಿ ಹರಿಯುವ ಪ್ರವಾಹ ಮತ್ತು ರೋಧಗಳ ಗುಣಲಬ್ಧಕ್ಕೆ ಸಮ. ಕಿಲುಬು ಹಿಡಿದ ಸಂಪರ್ಕವೊಂದರ ರೋಧ 0.02 ಓಮ್ ಎಂದು ಭಾವಿಸೋಣ. 0.4 ಆಂಪಿಯರ್ ಬಳಸುವ ಸಣ್ಣ ಬಲ್ಬಿಗೆ ಅಲ್ಲಿ ಆಗುವ ನಷ್ಟ ಕೇವಲ 0.008 ವೋಲ್ಟ್, ಬಲ್ಬು ಚೆನ್ನಾಗಿಯೇ ಬೆಳಗುತ್ತದೆ. 150 ಆಂಪಿಯರ್ ಎಳೆಯುವ ಸ್ಟಾರ್ಟರಿಗೆ ಅದೇ ಸಂಪರ್ಕದಲ್ಲಿ 3 ವೋಲ್ಟ್ ನಷ್ಟವಾಗಿ, 450 ವ್ಯಾಟ್ ಶಕ್ತಿಯು ಶಾಖವಾಗಿ ಪರಿವರ್ತನೆಯಾಗುತ್ತದೆ.

ಪ್ರವಾಹ ಹರಿಯದಿರುವಾಗ ವೋಲ್ಟೇಜ್ ಅಳೆದು ದೋಷವಿಲ್ಲವೆಂದು ತೀರ್ಮಾನಿಸುವುದು ಇದೇ ಕಾರಣದಿಂದ ತಪ್ಪು. ಮಲ್ಟಿಮೀಟರ್ ಅತ್ಯಲ್ಪ ಪ್ರವಾಹವನ್ನಷ್ಟೇ ಬಳಸುವುದರಿಂದ, ಒಂದೇ ಎಳೆ ಉಳಿದಿರುವ ಕೇಬಲ್ ಕೂಡ ಪೂರ್ಣ ವೋಲ್ಟೇಜ್ ತೋರಿಸುತ್ತದೆ. ಸಾಮಾನ್ಯ ಮಲ್ಟಿಮೀಟರಿನ ಓಮ್ ಮಾಪನವೂ ಇಷ್ಟು ಸಣ್ಣ ರೋಧವನ್ನು ನಂಬಲರ್ಹವಾಗಿ ಅಳೆಯಲಾರದು.

ಪರೀಕ್ಷಾ ಕ್ರಮ

ಇಲ್ಲಿನ ಅಂಕಿಗಳು 12 ವೋಲ್ಟ್ ವ್ಯವಸ್ಥೆಗೆ ಅನ್ವಯಿಸುತ್ತವೆ.

1. ಮೊದಲು ಬ್ಯಾಟರಿಯನ್ನು ಪರೀಕ್ಷಿಸಬೇಕು. ಕೆಲವು ಗಂಟೆ ಸುಮ್ಮನಿದ್ದ, ಪೂರ್ಣ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿಯ ವೋಲ್ಟೇಜ್ ಸುಮಾರು 12.6 ಇರುತ್ತದೆ.
2. ಗೇರ್ ನ್ಯೂಟ್ರಲ್‌ನಲ್ಲಿದ್ದು ಕೈಬ್ರೇಕ್ ಹಾಕಿರಬೇಕು. ಎಂಜಿನ್ ಚಾಲೂ ಆಗದಂತೆ ಇಗ್ನಿಷನ್ ಕಾಯಿಲ್‌ಗೆ ವಿದ್ಯುತ್ ತರುವ ತಂತಿಯನ್ನು ಕಳಚಬೇಕು.
3. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಅಗ್ರದ ಸೀಸಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಮುಟ್ಟಿಸಿ, ಸ್ಟಾರ್ಟರನ್ನು ಕೆಲವು ಕ್ಷಣ ತಿರುಗಿಸಬೇಕು. ಒಳ್ಳೆಯ ಸಂಪರ್ಕದಲ್ಲಿ ಇದು ಸುಮಾರು 0.2 ವೋಲ್ಟ್ ಒಳಗಿರುತ್ತದೆ, 0.5 ವೋಲ್ಟ್ ಮೀರಿದರೆ ದೋಷವಿದೆ ಎಂದರ್ಥ.
4. ಬಳಿಕ ಅಗ್ರದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಕವಚಕ್ಕೆ, ಕವಚದಿಂದ ಎಂಜಿನ್ನಿಗೆ ಹೀಗೆ ಹಾದಿಯನ್ನು ತುಂಡು ತುಂಡಾಗಿ ಅಳೆಯಬೇಕು. ಅಂಕಿ ಎಲ್ಲಿ ದೊಡ್ಡದಾಗಿ ಬರುವುದೋ ದೋಷ ಅಲ್ಲಿಯೇ ಇರುತ್ತದೆ.
5. ದೀಪಗಳಿಗೂ ಇದೇ ಕ್ರಮ. ದೀಪ ಉರಿಯುತ್ತಿರುವಾಗ ಅದರ ಅರ್ತ್ ತಂತಿ ಮತ್ತು ಬ್ಯಾಟರಿಯ ಅರ್ತ್ ಅಗ್ರದ ನಡುವೆ ಅಳೆಯಬೇಕು.

ಮೀಟರ್ ಇಲ್ಲದಿದ್ದಲ್ಲಿ, ಬ್ಯಾಟರಿಯ ಅರ್ತ್ ಅಗ್ರದಿಂದ ಎಂಜಿನ್ನಿಗೆ ದಪ್ಪ ಜಂಪರ್ ಕೇಬಲ್ ಹಾಕಿ ನೋಡಬಹುದು. ಸ್ಟಾರ್ಟರ್ ಆಗ ಚುರುಕಾಗಿ ತಿರುಗಿದರೆ ದೋಷ ಅರ್ತ್ ಹಾದಿಯಲ್ಲಿದೆ. ಅರ್ತ್ ಹಾದಿ ಸರಿಯಿದ್ದರೆ ಬ್ಯಾಟರಿಯ ಇನ್ನೊಂದು ಅಗ್ರದಿಂದ ಸ್ಟಾರ್ಟರ್‌ವರೆಗಿನ ಹಾದಿಯನ್ನು ಅದೇ ರೀತಿ ಪರೀಕ್ಷಿಸಬೇಕು.

ದುರಸ್ತಿ

ಬೋಲ್ಟನ್ನು ಬಿಚ್ಚಿ, ಕೇಬಲಿನ ತುದಿ ಮತ್ತು ಕವಚ ಎರಡನ್ನೂ ಹೊಳೆಯುವ ಲೋಹ ಕಾಣುವವರೆಗೆ ಎಮರಿ ಕಾಗದದಿಂದ ಉಜ್ಜಬೇಕು. ಬಿಗಿಯಾಗಿ ಜೋಡಿಸಿದ ನಂತರ ತೇವ ತಾಗದಂತೆ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಲಾಗುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡರೂ ಪರೀಕ್ಷೆಯಲ್ಲಿ ಸೋತ ಕೇಬಲನ್ನು ಬದಲಾಯಿಸಬೇಕು. ದುರಸ್ತಿಯ ಬಳಿಕ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿದಾಗಲೇ ಕೆಲಸ ಪೂರ್ಣವಾಗುತ್ತದೆ.

ಮುನ್ನೆಚ್ಚರಿಕೆಗಳು

ಬ್ಯಾಟರಿ ಕಳಚುವಾಗ ಕವಚಕ್ಕೆ ಸೇರಿದ ಅಗ್ರವನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಯಲ್ಲಿ ಹಾಕಬೇಕು. ಹೀಗೆ ಮಾಡಿದರೆ ಇನ್ನೊಂದು ಅಗ್ರವನ್ನು ಬಿಚ್ಚುವಾಗ ಸ್ಪ್ಯಾನರ್ ಕವಚಕ್ಕೆ ತಾಗಿದರೂ ಶಾರ್ಟ್ ಸರ್ಕ್ಯೂಟ್ ಆಗುವುದಿಲ್ಲ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಬೆಂಕಿ ಮತ್ತು ಕಿಡಿಗಳನ್ನು ದೂರವಿಡಬೇಕು. ಅಗ್ರಗಳನ್ನು ಅದಲುಬದಲು ಮಾಡಿದರೆ ಆಲ್ಟರ್ನೇಟರಿನ ಡಯೋಡುಗಳು ಮತ್ತು ರೇಡಿಯೊ ಸುಟ್ಟುಹೋಗುವ ಸಂಭವವಿದೆ.