ಶುಶ್ರೂಷಕರ ಖಿನ್ನತೆ (ಅರ್ಬುದರೋಗ)
ಅರ್ಬುದರೋಗ, ಎಂದರೆ ಕ್ಯಾನ್ಸರ್, ಪೀಡಿತರನ್ನು ಉಪಚರಿಸುವ ಬಂಧುಗಳಲ್ಲಿ ಎರಡು ವಾರಗಳಿಗೂ ಮೀರಿ ನೆಲೆಗೊಳ್ಳುವ ವಿಷಣ್ಣತೆ, ನಿದ್ರಾನಾಶ, ನಿರಾಸಕ್ತಿ, ಅಕಾರಣವಾದ ಅಪರಾಧಪ್ರಜ್ಞೆ ಮೊದಲಾದ ಲಕ್ಷಣಗಳುಳ್ಳ ಮನೋವ್ಯಾಧಿ. ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮನೆಗಳು ಅಡಕೆತೋಟಗಳ ನಡುವೆ ಒಂದರಿಂದೊಂದು ದೂರವಾಗಿರುವುದರಿಂದಲೂ, ವಿಶೇಷ ಚಿಕಿತ್ಸೆಗಾಗಿ ಆಗುಂಬೆಯ ಘಟ್ಟವಿಳಿದು ಮಣಿಪಾಲಕ್ಕೋ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಅರ್ಬುದ ಚಿಕಿತ್ಸಾ ಸಂಸ್ಥೆಗೋ ಪದೇ ಪದೇ ಹೋಗಬೇಕಾಗುವುದರಿಂದಲೂ, ಕೊಯ್ಲಿನ ಕಾಲದಲ್ಲಿ ತೋಟ ಮತ್ತು ರೋಗಿ ಇವೆರಡರ ಭಾರವೂ ಅನೇಕ ವೇಳೆ ಗೃಹಿಣಿಯೊಬ್ಬಳ ಮೇಲೆಯೇ ಬೀಳುವುದರಿಂದಲೂ, ಈ ವ್ಯಾಧಿಗೆ ಬೇಕಾದ ಭೂಮಿಕೆ ಇಲ್ಲಿ ಸಿದ್ಧವಾಗಿಯೇ ಇದೆಯೆನ್ನಬೇಕು. ಈ ನಾಡಿನ ಜೀವನಾಧಾರವಾದ ಅಡಕೆಯನ್ನೇ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮನುಷ್ಯರಿಗೆ ಅರ್ಬುದಕಾರಕವೆಂದು ಗಣಿಸಿರುವುದರಿಂದ, ಬಾಯಿಯ ಅರ್ಬುದ ತಗುಲಿದವನ ಮನೆಯವರಿಗೆ, ಎಲೆಯಡಕೆಯ ಕವಳದ ತಟ್ಟೆಯನ್ನು ದಿನವೂ ಮುಂದಿಟ್ಟವರು ತಾವೇ ಎಂಬ ಪರಿತಾಪವೂ ಸೇರಿಕೊಳ್ಳಬಹುದು. ಈ ವ್ಯಾಧಿಯನ್ನು ಕೇವಲ ಆಯಾಸವೆಂದೆಣಿಸಿ ವೈದ್ಯರಲ್ಲಿ ಹೇಳದಿರುವುದೇ ಸಾಮಾನ್ಯ. ರೋಗಿಯ ಕಡತದಲ್ಲಿ ಶುಶ್ರೂಷಕನಿಗೆ ಸ್ಥಾನವಿರುವುದು ಸಹಿಯ ಸಾಲಿನಲ್ಲಿ ಮಾತ್ರವಲ್ಲವೆ! ಬಂಧುಗಳು ಸರದಿಯಂತೆ ಹೊಣೆ ಹಂಚಿಕೊಳ್ಳುವುದು, ಆಪ್ತಸಮಾಲೋಚನೆ, ಅಗತ್ಯವಿದ್ದಲ್ಲಿ ಔಷಧ, ಇವು ಪರಿಹಾರೋಪಾಯಗಳು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ (14416) ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.